ಕಿಟಕಿಯಾಚೆಯ ನೀರು

ನಿವೃತ್ತಿಯ ಹಣ ಕೈಗೆ ಬಂದಾಗ ನನ್ನಾಕೆಯದು ಒಂದೇ ಹಠ: ಕಿಟಕಿ ತೆರೆದರೆ ನೀರು ಕಾಣಬೇಕು. ಮಗಳಿಗೆ ಮಾನಸಗಂಗೋತ್ರಿಯ ಭೂಗೋಳ ವಿಭಾಗದಲ್ಲಿ ಸೀಟು ಸಿಕ್ಕಿತ್ತು. ಮೈಸೂರಿನಲ್ಲೇ ಮನೆಯಾದರೆ ಹಾಸ್ಟೆಲ್ ಖರ್ಚೂ ಉಳಿದೀತೆಂಬುದು ನನ್ನ ಲೆಕ್ಕಾಚಾರ.

ದಲ್ಲಾಳಿ ಊರಂಚಿನ ಕೆರೆಯೊಂದರ ಮಗ್ಗುಲಲ್ಲಿ ನಿವೇಶನ ತೋರಿಸಿದ. ಬೆಳ್ಳಕ್ಕಿ, ತಂಗಾಳಿ, ಬೆಲೆಯೋ ಗೋಕುಲಂಗಿಂತ ಎಷ್ಟೋ ಕಡಿಮೆ. ಖಾತೆ, ಋಣಭಾರ ಪತ್ರ ಎರಡೂ ಸರಿಯಾಗಿದ್ದವು. ಮುಂಗಡದ ಚೆಕ್ಕು ಜೇಬಿನಲ್ಲೇ ಇತ್ತು. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಅಜ್ಜನೊಬ್ಬರು, ‘ಕೆರೆ ಕೋಡಿ ಬಿದ್ರೆ ನೀರು ಹೋಗೋದು ಇಲ್ಲೇ ಅಲ್ವ ಸ್ವಾಮಿ?’ ಅಂದರು. ದಲ್ಲಾಳಿ ನಕ್ಕುಬಿಟ್ಟ. ‘ಕೋಡಿ ಬಿದ್ದು ಹತ್ತು ವರ್ಷ ಆಯ್ತು ಸಾರ್!’ ಹನ್ನೊಂದನೆಯ ವರ್ಷದ ಮಾತು ಅವನು ಎತ್ತಲಿಲ್ಲ.

ಮಗಳು ಬಿಡಲಿಲ್ಲ, ಗ್ರಾಮನಕ್ಷೆ ತರಿಸಿದಳು. ಕೋಡಿಯಿಂದ ಹೊರಟ ಹಳ್ಳ ಆ ನಿವೇಶನದ ಮೂಲೆಯನ್ನೇ ಹಾದುಹೋಗಿತ್ತು! ಖಾತೆ ಕಂದಾಯ ಕಟ್ಟುವವರ ಹೆಸರು ಹೇಳೀತು, ನೀರಿನ ದಾರಿ ಹೇಳದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಂಗಲೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದ ಚಿತ್ರ ನೆನಪಾಯಿತು. ಚೆಕ್ಕು ಜೇಬಿನಲ್ಲೇ ಉಳಿಯಿತು.

ಕೊನೆಗೆ ಗೋಕುಲಂನಲ್ಲಿ ಎರಡು ಕೋಣೆಯ ಹಳೆಯ ಮನೆ ಕೊಂಡೆವು. 2002ರ ಸುಮಾರಿಗೆ ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಇಲ್ಲಿಗೆ ಬಂದ ಮೇಲೆ ಪರದೇಶದ ವಿದ್ಯಾರ್ಥಿಗಳ ಓಡಾಟ ಹೆಚ್ಚಿತು, ಬಾಡಿಗೆಯೂ ಏರಿತು. ಆದರೂ ಮಧ್ಯಾಹ್ನ ಒಳರಸ್ತೆಗಳಲ್ಲಿ ತರಕಾರಿ ಗಾಡಿಯವನ ಕೂಗಷ್ಟೇ. ಇಲ್ಲಿನ ಕಾಂಟೂರ್ ರಸ್ತೆಯ ಫಲಕ ನೋಡಿ ಮಗಳು ನಕ್ಕಳು. ಕಾಂಟೂರ್ ಎಂದರೆ ನಕ್ಷೆಯಲ್ಲಿ ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ. ನೀರು ಯಾವ ಕಡೆ ಇಳಿಯುತ್ತದೆಂದು ತಿಳಿಯುವುದು ಅದರಿಂದಲೇ. ‘ಅಪ್ಪ, ಮನೆ ಕೊಳ್ಳೋರಿಗೆಲ್ಲ ಈ ಪಾಠ ಮೊದಲು ಮಾಡ್ಬೇಕು’ ಅಂದಳು.

ಕೆರೆ ಬೇಕೆನಿಸಿದರೆ ಕುಕ್ಕರಹಳ್ಳಿ ಇದೆ, ಸ್ಕೂಟರಿನಲ್ಲಿ ಹತ್ತು ನಿಮಿಷ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು ಬೇಸಾಯಕ್ಕೆ; ಈಗ ಅದರ ಸುತ್ತ ವಾಯುವಿಹಾರ. ಕುವೆಂಪು, ಆರ್.ಕೆ. ನಾರಾಯಣ್ ಇಬ್ಬರೂ ಅಲ್ಲಿ ತಿರುಗಾಡಿದವರೇ. ಮನೆ ಮಾಡಿಕೊಂಡದ್ದು ಮಾತ್ರ ಒಬ್ಬರು ಒಂಟಿಕೊಪ್ಪಲಿನಲ್ಲಿ, ಇನ್ನೊಬ್ಬರು ಯಾದವಗಿರಿಯಲ್ಲಿ.

ನಾವೂ ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬರುತ್ತೇವೆ. ಮನೆಯ ಕಿಟಕಿ ತೆರೆದರೆ ಎದುರಿಗಿರುವುದು ಪಕ್ಕದವರ ತಾರಸಿಯ ಕಪ್ಪು ಟ್ಯಾಂಕು. ಅದು ತುಂಬಿ ಸುರಿದಾಗಲೆಲ್ಲ ನನ್ನಾಕೆ ಕರೆಯುತ್ತಾಳೆ: ‘ಬನ್ರೀ, ನಮ್ಮ ಕೆರೆ ಕೋಡಿ ಬಿತ್ತು.’