ಚಳಿಜ್ವರದ ಸೀಮೆ

ಧಾರವಾಡದಿಂದ ಅಳ್ನಾವರದ ಕಡೆಗೆ ರೈಲಿನಲ್ಲಿ ಪಯಣಿಸಿದವರು ಮುಗದ ಎಂಬ ನಿಲ್ದಾಣವನ್ನು ಕಂಡಿರಲಿಕ್ಕೆ ಸಾಕು. ಅಲ್ಲಿಯ ಕೆರೆಯನ್ನೂ ಭತ್ತದ ಗದ್ದೆಗಳನ್ನೂ ಬಲ್ಲವರು ನಿಮ್ಮಲ್ಲಿ ಅನೇಕರಿದ್ದೀರಿ. ಆದರೆ ಒಂದು ಕಾಲಕ್ಕೆ ಈ ಮಲೆನಾಡ ಸೆರಗಿನ ಊರುಗಳಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದರೆಂದು ನನ್ನ ತಾಯಿ ಹೇಳುತ್ತಿದ್ದರು. ಅದಕ್ಕೆ ಕಾರಣ ಚಳಿಜ್ವರ. ತಾಯಿಯವರ ತವರುಮನೆ ಮುಗದ. ಅವರ ಬೆನ್ನಿಗೆ ಹುಟ್ಟಿದ ತಂಗಿಯೊಬ್ಬಳು ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಐದು ವರ್ಷ ತುಂಬುವುದರೊಳಗೆ ತೀರಿಕೊಂಡಳು. ಕ್ವಿನೈನಿನ ಕಹಿಯೊಂದೇ ಆಗಿನ ಆಸರೆ. ಅದೂ ಎಲ್ಲರಿಗೆ ದೊರೆಯುತ್ತಿರಲಿಲ್ಲ.

ರೋಗವನ್ನು ಹರಡುವುದು ಸೊಳ್ಳೆಯೆಂಬುದನ್ನು ರೊನಾಲ್ಡ್ ರಾಸ್‌ರು 1897ರಲ್ಲಿಯೇ ಸಿಕಂದರಾಬಾದಿನಲ್ಲಿ ಕಂಡುಕೊಂಡಿದ್ದರು. ಆದರೆ ನಮ್ಮ ಪಡುವಣ ಸೀಮೆಯ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಲ್ಲ, ಹುಲ್ಲಿನ ಅಂಚುಳ್ಳ ತಿಳಿನೀರಿನ ಹಳ್ಳಗಳಲ್ಲಿ. ಊರಿನ ಹಳ್ಳಕೊಳ್ಳಗಳಿಗೆಲ್ಲ ಎಣ್ಣೆ ಸುರಿಯುವುದು ಆಗುವ ಮಾತೇ?

ಇದಕ್ಕೆ ಉತ್ತರದ ಮೊದಲ ಸುಳಿವು ದೊರೆತುದು ದೂರದ ದಕ್ಷಿಣ ಆಫ್ರಿಕದಲ್ಲಿ. 1930ರ ದಶಕದಲ್ಲಿ ನೇಟಾಲ್ ಮತ್ತು ಝುಲುಲ್ಯಾಂಡಿನ ಗುಡಿಸಲುಗಳ ಒಳಗೆ ಪಾರ್ಕ್ ರಾಸ್ ಎಂಬ ಆರೋಗ್ಯಾಧಿಕಾರಿ ಪೈರಿಥ್ರಂ ಹೂವಿನ ಸಾರವನ್ನು ಸಿಂಪಡಿಸಿ ರೋಗವನ್ನು ತಗ್ಗಿಸಿದರು. ನೀರಿನಲ್ಲಿಯ ಮರಿಯನ್ನು ಬಿಟ್ಟು, ರಕ್ತ ಕುಡಿದು ಮನೆಯೊಳಗೆ ಕುಳಿತ ಸೊಳ್ಳೆಯನ್ನೇ ಹಿಡಿಯುವ ಉಪಾಯವಿದು. ಆದರೆ ಆ ಸಾರ ಬೇಗನೆ ಸತ್ವಗುಂದುತ್ತಿದ್ದುದರಿಂದ ವಾರವಾರವೂ ಸಿಂಪಡಿಸಬೇಕಾಗುತ್ತಿತ್ತು. 1939ರಲ್ಲಿ ಪೌಲ್ ಮ್ಯೂಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ ಮೇಲೆ ಆ ತೊಡಕು ನೀಗಿತು. ಗೋಡೆಗೆ ಒಮ್ಮೆ ಹಿಡಿದರೆ ವಾರಗಟ್ಟಲೆ ಅದರ ಕಸುವು ಉಳಿಯುತ್ತಿತ್ತು.

ಮುಂದಿನದು ನಮ್ಮ ನಾಡಿನ ಕಥೆ. ನಮ್ಮವರಿಗೇ ಅಷ್ಟಾಗಿ ತಿಳಿಯದ ಕಥೆ. 1946ರ ಸುಮಾರಿಗೆ ಮುಂಬಯಿ ಪ್ರಾಂತದ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಅವರ ಜೊತೆಗಾರ ಟಿ. ರಾಮಚಂದ್ರ ರಾವ್ ಇವರು ಕಾರವಾರ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳನ್ನು ಆಯ್ದು ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಗೊಂಡರು. ಹಳ್ಳಿಗಾಡಿನ ಮಲೇರಿಯಾ ನಿಯಂತ್ರಣದಲ್ಲಿ ಭಾರತದ ಮೊದಮೊದಲಿನ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಮೊದಲ ವರ್ಷದ ಫಲಿತಾಂಶಗಳನ್ನು ಅವರು 1947ರಲ್ಲಿ ಪ್ರಕಟಿಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಅದು ಹಿಡಿದುದು ಇದೇ ದಾರಿಯನ್ನು.

ಅಜ್ಜಿಯ ಮನೆಗೂ ಪಂಪು ಹೊತ್ತವರು ಬಂದರಂತೆ. "ದೇವರಮನಿಗೆ ಮಾತ್ರ ಹೊಡೀಬ್ಯಾಡ್ರೆಪಾ" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಬಂದವನು ವಿನಯದಿಂದಲೇ, "ಯವ್ವಾ, ಗುಂಗಾಡಿಗೆ ಕತ್ತಲಿ ಇದ್ದಲ್ಲೆ ಬೇಕ್ರಿ, ಅದಕ್ಕ ದೇವರಮನಿ, ಅಡಗಿಮನಿ ಅಂತ ಗೊತ್ತಾಗೂದಿಲ್ಲ" ಎಂದ. ಅಜ್ಜಿ ಕ್ಷಣಕಾಲ ಸುಮ್ಮನಿದ್ದು, ಜಗಲಿಯ ಮೇಲಿನದನ್ನೆಲ್ಲ ಮಡಿಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಬಂದು ನಿಂತಳು. ಸತ್ತ ಮಗಳ ನೆನಪು ಆ ಹೊತ್ತಿಗೆ ಅವಳ ಮನಸ್ಸಿನಲ್ಲಿತ್ತೇ ಎಂದು ನಾನು ಕೇಳಿದಾಗ ತಾಯಿಯವರು ಉತ್ತರ ಕೊಡಲಿಲ್ಲ. ತಗಣಿಗಳು ಸತ್ತುದಕ್ಕೆ ಓಣಿಯವರೆಲ್ಲ ಹಿಗ್ಗಿದರೆಂದು ಮಾತ್ರ ನಕ್ಕು ಹೇಳಿದರು.

ಡಿ.ಡಿ.ಟಿ.ಯನ್ನು ಕೇವಲ ವಿಷವೆಂದು ಹಳಿಯುವವರಿಗೆ ನಾನು ಈ ಮಾತನ್ನು ಹೇಳುವುದುಂಟು. ಹಾಗೆಂದು ಅದು ನಿರ್ದೋಷಿಯೆಂದಲ್ಲ. ಹೊಲಗದ್ದೆಗಳಲ್ಲಿ ಲೆಕ್ಕವಿಲ್ಲದೆ ಸುರಿದುದರಿಂದ ಮಣ್ಣು ನೀರು ಕೆಟ್ಟವು, ಸೊಳ್ಳೆಗಳೂ ಅದಕ್ಕೆ ಒಗ್ಗಿಕೊಂಡವು. ಭಾರತದಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಂತುದು 1989ರಲ್ಲಿ. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಏಳೂವರೆ ಕೋಟಿಯೆಂದು ಅಂದಾಜು ಮಾಡಿದ್ದ ಮಲೇರಿಯಾ ಪ್ರಕರಣಗಳು 1965ರ ಹೊತ್ತಿಗೆ ಲಕ್ಷದ ಆಸುಪಾಸಿಗೆ ಇಳಿದಿದ್ದವು. ರೋಗ ಹೋಯಿತೆಂದು ಕೈ ಸಡಿಲಾದೊಡನೆ ಅದು ಮರಳಿತು. 1976ರಲ್ಲಿ ಪ್ರಕರಣಗಳು ಅರವತ್ತು ಲಕ್ಷ ದಾಟಿದವು.

ಆ ವರುಷಗಳಲ್ಲಿ ನಾನು ಮುಗದದಲ್ಲಿದ್ದೆ. ಸಿಂಪಡಣೆಯವರು ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಹಬ್ಬಕ್ಕೆ ಸುಣ್ಣ ಬಳಿಯುವಾಗ ತಾಯಿಯವರು ಅಷ್ಟು ಜಾಗವನ್ನು ಬಿಟ್ಟು ಬಳಿಯುತ್ತಿದ್ದರು.