ಉಳಿದುಹೋದ ವಾಶರ್



ಈ ಸಲ ಒಂದು ಹಳೆಯ ಜೀಪಿನ ವಿಷಯ ಬರೆಯುತ್ತಿದ್ದೇವೆ. ಗಾಡಿ ರಿಪೇರಿಯಲ್ಲಿ ಆಸಕ್ತಿ ಇಲ್ಲದವರೂ ಕೊನೆಯವರೆಗೆ ಓದಿರಿ. ಇದರಲ್ಲಿ ಗಾಡಿಯ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು.

ನಾವು ನವಿ ಪೇಠದ ಆಸುಪಾಸಿನ ಐದು ಮಂದಿ. ಭಾನುವಾರ ಪೂಜೆ ಮುಗಿದ ಮೇಲೆ ಒಂದು ಕಡೆ ಸೇರುವವರು. ನಮ್ಮಲ್ಲೊಬ್ಬನ ಅಜ್ಜಿ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ, ಹೊಲದ ಮನೆಯಲ್ಲೇ ಇರುತ್ತಾರೆ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್ ಡಾಂಬರು ರಸ್ತೆ, ಅದರ ಚಿಂತೆ ಇಲ್ಲ. ಚಿಂತೆ ಇರುವುದು ಹಳ್ಳಿ ದಾಟಿದ ಮೇಲಿನ ಗಾಡಿದಾರಿಯದು. ಅದು ಎರೆಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಳೆ ಬಿದ್ದರೆ ಬೈಕಿನ ಮಡ್ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಅದಕ್ಕೇ ಅಜ್ಜ ಇದ್ದಾಗ ಕೊಂಡಿದ್ದ ಪೆಟ್ರೋಲ್ ಜೀಪನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ.

ಅಜ್ಜಿಗೆ ಸಕ್ಕರೆ ಕಾಯಿಲೆ. ಆ ಮಳೆಗಾಲದಲ್ಲಿ ಕಾಲಿಗೆ ಗಾಯವಾಗಿ ಮಾಯಲಿಲ್ಲ. ಮೂರು ದಿನಕ್ಕೊಮ್ಮೆ ಸೊಲ್ಲಾಪುರಕ್ಕೆ ಕರೆತಂದು ಪಟ್ಟಿ ಕಟ್ಟಿಸಬೇಕು, ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. ಆ ಕೆಲಸ ನಮ್ಮದಾಯಿತು.

ಜೀಪು ನಿಲ್ಲಲು ಶುರುವಾದದ್ದು ಆಗಲೇ. ಡಾಂಬರು ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಗಾಡಿದಾರಿಗೆ ಇಳಿದು ನಾಲ್ಕು ಕುಲುಕು ತಿಂದರೆ ಸಾಕು, ಗುಡುಗುಡು ಎಂದು ಬಂದ್ ಬೀಳುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವ ಐಟಿಐಯಲ್ಲಿ ಕಲಿಯುತ್ತಿದ್ದಾನೆ, ಕಾರ್ಬುರೇಟರ್ ಟ್ಯೂನ್ ಮಾಡುವುದು ಅವನ ಪಾಲಿನ ಕೆಲಸ. "ರೇಸ್ ಏರಿಸೋ, ಬಂದ್ ಬೀಳಂಗಿಲ್ಲ" ಎಂದೆವು. "ಅಣ್ಣಾ, ಸ್ಕ್ರೂದಾಗ ದೋಷ ಇಲ್ಲ, ಬ್ಯಾರೆ ಏನೋ ಅದ" ಎಂದ. ನಾವು ಕೇಳಲಿಲ್ಲ. ಅವನೂ ದೊಡ್ಡವರ ಮಾತು ಎಂದು ಏರಿಸಿದ.

ಮುಂದಿನ ಸಲ ಅಜ್ಜಿಯನ್ನು ಕೂರಿಸಿಕೊಂಡು ಬರುವಾಗ ಹಳ್ಳದಲ್ಲಿ ಮೊಣಕಾಲು ಮಟ್ಟ ನೀರಿತ್ತು. ನೀರು ದಾಟಿದೆವು. ಆಚೆ ದಂಡೆಯ ಏರು ಹತ್ತುವಾಗ ಜೀಪು ಕರಿ ಹೊಗೆ ಉಗುಳಿ ನಿಂತುಬಿಟ್ಟಿತು. ಮೇಲಿನಿಂದ ಮಳೆ, ಹಿಂದೆ ಏರುತ್ತಿರುವ ನೀರು, ಒಳಗೆ ಪಟ್ಟಿ ಕಟ್ಟಿದ ಕಾಲನ್ನು ಸೀಟಿನ ಮೇಲೆ ಇಟ್ಟುಕೊಂಡ ಅಜ್ಜಿ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಸೋತಿತು. ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ಆ ದಿನದ ಪಟ್ಟಿ ತಪ್ಪಿತು.

ಅಲ್ಲಿಯೇ, ಅಜ್ಜಿಯ ಎದುರಿಗೇ, ನಾವು ಸಣ್ಣವನ ಮೇಲೆ ಹರಿಹಾಯ್ದೆವು. "ನಿನ್ನ ಕೈ ಹತ್ತಿದ ಮ್ಯಾಲೇ ಗಾಡಿ ಕೆಟ್ಟದ್ದು" ಎಂದೂ ಅಂದೆವು. ಅವನು ಮಾತಾಡಲಿಲ್ಲ. ಮುಂದಿನ ಎರಡು ಭಾನುವಾರ ನಮ್ಮ ಜೊತೆ ನಿಲ್ಲದೆ ಮನೆಗೆ ಹೋದ.

ಜೀಪನ್ನು ನಮ್ಮ ಪರಿಚಯದ ಮಿಸ್ತ್ರಿ ಕಾಕಾನ ಗ್ಯಾರೇಜಿಗೆ ಒಯ್ದೆವು. ಅವರು ಪಾನಾ ಮುಟ್ಟುವ ಮೊದಲು ಕೇಳಿದರು: "ಯಾವಾಗ ಬಂದ್ ಬೀಳ್ತದಪಾ? ಸಪಾಟ ದಾರ್ಯಾಗೋ, ಏರಿನ್ಯಾಗೋ, ಇಳುಕಲದಾಗೋ? ಹೊಗಿ ಎಂಥಾದ್ದು?" ಏರಿನಲ್ಲಿ ಮತ್ತು ಕುಲುಕಿನಲ್ಲಿ, ಕರಿ ಹೊಗೆ, ಪೆಟ್ರೋಲ್ ವಾಸನೆ ಎಂದೆವು. ಪ್ಲಗ್ ಬಿಚ್ಚಿದರು. ತುದಿ ಕಾಡಿಗೆಯ ಹಾಗೆ ಕಪ್ಪಾಗಿತ್ತು. "ಇದಕ್ಕ ಪೆಟ್ರೋಲ್ ಕಡಿಮಿ ಆಗಿಲ್ಲ, ಹೆಚ್ಚಾಗ್ಯದ" ಎಂದರು.

ಅವರು ತಿಳಿಸಿದ್ದನ್ನು ನಿಮಗೂ ಹೇಳುತ್ತೇವೆ. ಕಾರ್ಬುರೇಟರಿನ ಪಕ್ಕದಲ್ಲಿ ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲಿದೆ. ಮನೆಯ ಮೇಲಿನ ನೀರಿನ ಟಾಕಿಯಲ್ಲಿ ಚೆಂಡು ತೇಲಿ ನೀರು ನಿಲ್ಲಿಸುವ ಹಾಗೆ, ಇಲ್ಲಿ ಫ್ಲೋಟ್ ತೇಲಿ ನೀಡಲ್ ವಾಲ್ವನ್ನು ಮುಚ್ಚುತ್ತದೆ. ಸಪಾಟ ನೆಲದಲ್ಲಿ ಮಟ್ಟ ಸ್ವಲ್ಪ ಮೇಲಿದ್ದರೂ ಎಂಜಿನ್ ಸಹಿಸಿಕೊಳ್ಳುತ್ತದೆ. ಗಾಡಿ ಓರೆಯಾದರೆ ಹಾಗಲ್ಲ. ನಮ್ಮ ಜೀಪಿನಲ್ಲಿ ಬಟ್ಟಲು ಮುಂದೆ, ಪೆಟ್ರೋಲ್ ಚಿಮ್ಮುವ ನಳಿಗೆ ಹಿಂದೆ. ಏರು ಹತ್ತುವಾಗ ಬಟ್ಟಲು ಮೇಲಾಗಿ, ಪೆಟ್ರೋಲ್ ತಾನೇ ನಳಿಗೆಯಿಂದ ಎಂಜಿನ್ನಿಗೆ ಸುರಿಯುತ್ತದೆ. ಗಾಳಿ ಸಾಲದೆ ಎಂಜಿನ್ ಉಸಿರುಗಟ್ಟುತ್ತದೆ. ಕುಲುಕಿನಲ್ಲಿ ಫ್ಲೋಟ್ ಕುಣಿದು ವಾಲ್ವ್ ಮತ್ತೆ ಮತ್ತೆ ತೆರೆದುಕೊಂಡು ಇನ್ನಷ್ಟು ತುಂಬುತ್ತದೆ. ಹೊರಗಿನ ಸ್ಕ್ರೂ ಎಷ್ಟು ತಿರುಗಿಸಿದರೂ ಒಳಗಿನ ಮಟ್ಟ ಇಳಿಯುವುದಿಲ್ಲ.

ಕಾಕಾ ಮುಚ್ಚಳ ತೆಗೆದು, ನೀಡಲ್ ವಾಲ್ವಿನ ಸೀಟ್ ಬಿಚ್ಚಿ ನೋಡಿದರು. "ಇದರ ಬುಡದಾಗ ಒಂದು ತಾಮ್ರದ ವಾಶರ್ ಇರಬೇಕಲ್ಲ? ಮೊದಲ ಯಾರು ಬಿಚ್ಚಿದ್ರಿ? ಏನರೇ ಉಳಿದಿತ್ತೇನು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಳಿಗಾಲದಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದವರು ನಾವೇ. ಸಣ್ಣವ ಅಂದು ಪರೀಕ್ಷೆಗೆ ಹೋಗಿದ್ದ. ಜೋಡಿಸಿದ ಮೇಲೆ ಒಂದು ತೆಳ್ಳನೆಯ ವಾಶರ್ ಉಳಿದಿತ್ತು. ಗಾಡಿ ಚಾಲೂ ಆಯಿತಲ್ಲ ಎಂದು ಅದನ್ನು ಬೋಲ್ಟಿನ ಡಬ್ಬಿಗೆ ಹಾಕಿದ್ದೆವು. ವಾಶರ್ ಇಲ್ಲದೆ ಸೀಟ್ ಅಷ್ಟು ಮೇಲೆ ಕೂತಿತ್ತು, ಹಾಗಾಗಿ ಫ್ಲೋಟ್ ಇನ್ನೂ ಮೇಲೇರಿದ ನಂತರವೇ ವಾಲ್ವ್ ಮುಚ್ಚುತ್ತಿತ್ತು. ಥ್ರೆಡ್ಡಿನ ಸಂದಿಯಿಂದಲೂ ಪೆಟ್ರೋಲ್ ಜಿನುಗುತ್ತಿತ್ತು.

ಅಂದು ಸಂಜೆ ಡಬ್ಬಿ ಬೋರಲು ಹಾಕಿ ಹುಡುಕಿದೆವು. ವಾಶರ್ ಸಿಕ್ಕಿತು. ಅದನ್ನು ತೆಗೆದುಕೊಂಡು ಸಣ್ಣವನ ಮನೆಗೆ ಹೋಗುವುದು ಮಾತ್ರ ಸುಲಭವಾಗಿರಲಿಲ್ಲ. ಅವರವ್ವ ಬಾಗಿಲು ತೆಗೆದರು. ನಾವು ಅವನ ಅಂಗೈಯಲ್ಲಿ ವಾಶರ್ ಇಟ್ಟು, ನಡೆದದ್ದನ್ನು ಅವರವ್ವನ ಎದುರಿಗೇ ಹೇಳಿದೆವು. ಬೈದದ್ದು ಅಜ್ಜಿಯ ಎದುರಿಗೆ, ಹಾಗಾಗಿ ಅಜ್ಜಿಗೂ ಹೇಳಬೇಕು ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ್ದು ಒಂದೇ ಮಾತು: "ಅಜ್ಜಿ ಕಾಲು ಹ್ಯಾಂಗದ?"

ಮರುದಿನ ಕಾಕಾನ ಎದುರಿಗೆ ಅವನೇ ಕೆಲಸ ಮಾಡಿದ. ಹೊಸ ವಾಶರ್, ಹೊಸ ನೀಡಲ್ ಹಾಕಿ ಫ್ಲೋಟಿನ ಮಟ್ಟವನ್ನು ಅಳತೆಗೆ ತಂದ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಚೋಕ್ ಪೂರಾ ತೆರೆದ ಮೇಲೆಯೇ ಮಿಕ್ಸ್ಚರ್ ಸ್ಕ್ರೂ ಮುಟ್ಟಿದ. ಎಂಜಿನ್ ತಡವರಿಸುವವರೆಗೆ ನಿಧಾನವಾಗಿ ಒಳಗೆ, ಮತ್ತೆ ಸರಾಗವಾಗುವಷ್ಟು ಹೊರಗೆ. ಸ್ಕ್ರೂವನ್ನು ಪೂರಾ ಬಿಗಿಯಬಾರದು, ತುದಿ ಸವೆದು ಗೆರೆ ಬೀಳುತ್ತದೆ. ಕೊನೆಗೆ ನಾವು ಏರಿಸಿಟ್ಟಿದ್ದ ರೇಸ್ ಇಳಿಸಿದ. ಇದೆಲ್ಲ ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಕೋಣೆಯಲ್ಲಿ ಹೊಗೆ ಪ್ರಾಣ ತೆಗೆಯುತ್ತದೆ, ಪೆಟ್ರೋಲಿನ ಹತ್ತಿರ ಕಿಡಿಯೂ ಇರಬಾರದು. ಹಳ್ಳದಲ್ಲಿ ನಾವು ಮಾಡಿದ ಇನ್ನೊಂದು ತಪ್ಪನ್ನೂ ಕಾಕಾ ಹೇಳಿದರು. ಪೆಟ್ರೋಲ್ ತುಂಬಿ ನಿಂತ ಎಂಜಿನ್ನಿಗೆ ಚೋಕ್ ಎಳೆಯಬಾರದು, ಎಕ್ಸಲೇಟರ್ ಪದೇಪದೇ ತುಳಿಯಲೂಬಾರದು. ಪೂರಾ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಗಾಳಿ ಒಳಹೋಗಿ ಚಾಲೂ ಆಗುತ್ತದೆ.

ನಂತರ ಈ ವಿಷಯ ಓದುತ್ತ ಹೋದಾಗ, ಇದೇ ತೊಂದರೆ ಒಂದು ಕಾಲಕ್ಕೆ ಯುದ್ಧವಿಮಾನಗಳಿಗೂ ಇತ್ತೆಂದು ತಿಳಿಯಿತು. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನ ಥಟ್ಟನೆ ಮೂತಿ ಕೆಳಗೆ ಮಾಡಿದರೆ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್ ತಡವರಿಸುತ್ತಿತ್ತು, ಬೆನ್ನಿಗೇ ಪೆಟ್ರೋಲ್ ಉಕ್ಕಿ ಉಸಿರುಗಟ್ಟುತ್ತಿತ್ತು. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ಪೆಟ್ರೋಲಿನ ದಾರಿಯಲ್ಲಿ ಕೂರಿಸಿ ಆ ಉಕ್ಕುವಿಕೆಯನ್ನು ತಡೆದರು. ಆಕೆ ಬೈಕ್ ರೇಸಿನಲ್ಲೂ ಹೆಸರು ಮಾಡಿದವರು. ಅವರ ಬಿಲ್ಲೆಯ ಚಿತ್ರ ನೋಡಿದಾಗ ನಮಗೆ ನಮ್ಮ ವಾಶರೇ ನೆನಪಾಯಿತು.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ನಮ್ಮ ಮನೆಗಳ ಮುಂದೆ ಹಳೆಯ ಗಾಡಿಗಳು ಇನ್ನೂ ಇವೆ. ಅವು ನಿಂತರೆ ಮೊದಲು ಸ್ಕ್ರೂ ತಿರುಗಿಸಬೇಡಿ. ಯಾವಾಗ ನಿಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿರಿ. ಕೊನೆಗೆ ಗಾಡಿ ಮುಟ್ಟಿದವನನ್ನು ಬೈಯುವ ಮೊದಲು, ಅದಕ್ಕೂ ಹಿಂದೆ ಯಾರು ಮುಟ್ಟಿದ್ದರು ಎಂದು ನೆನಪಿಸಿಕೊಳ್ಳಿರಿ.

ಅಜ್ಜಿಯ ಗಾಯ ದೀಪಾವಳಿಯ ಹೊತ್ತಿಗೆ ಮಾಯಿತು. ಅಲ್ಲಿಯವರೆಗೂ ಹಳ್ಳದ ಏರಿನಲ್ಲಿ ಜೀಪು ನಡೆಸಿದ್ದು ಸಣ್ಣವನೇ. ಒಂದು ಸಲವೂ ನಿಲ್ಲಲಿಲ್ಲ. ಮೊದಲ ಸಲ ಏರು ದಾಟಿದಾಗ ಅಜ್ಜಿ ಹಿಂದಿನ ಸೀಟಿನಲ್ಲಿ ಕೂತಿದ್ದ ನಮ್ಮತ್ತ ತಿರುಗಿ, "ಈಗ ಇವನಿಗೆ ಏನರೇ ಅನ್ರಿ ನೋಡೋಣ" ಎಂದರು. ನಾವು ತಲೆ ತಗ್ಗಿಸಿ ನಕ್ಕೆವು. ಅವನೂ ನಕ್ಕ.