ಎರಡು ಡಾಕ್ಟರಕಿ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಮಕ್ಕಳ ಓದನ್ನು ಎಕರೆಯ ಲೆಕ್ಕದಲ್ಲಿ ಹೇಳುವ ರೂಢಿ. ಒಬ್ಬನ ಇಂಜಿನಿಯರಿಂಗಿಗೆ ಅರ್ಧ ಎಕರೆ ಹೋಯಿತು, ಇನ್ನೊಬ್ಬನ ಮೆಡಿಕಲ್ಲಿಗೆ ಇದ್ದದ್ದೆಲ್ಲ ಹೋಯಿತು ಎನ್ನುತ್ತಾರೆ. ಹಾಗಾಗಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಪತ್ರ ಹಿಡಿದು ಅಪ್ಪನೊಂದಿಗೆ ನನ್ನಲ್ಲಿಗೆ ಬಂದಾಗ, ಮಾತು ಮೊದಲು ಹೊಲಕ್ಕೇ ಹೋಯಿತು.

"ಅಕ್ಕೋರ, ಎರಡೂ ಡಾಕ್ಟರಕಿನ ಅಂತ. ಒಂದಕ್ಕ ಹೊಲಾ ಮಾರಬೇಕು, ಇನ್ನೊಂದಕ್ಕ ಅವರ ರೊಕ್ಕಾ ಕೊಡತಾರಂತ. ಇದೆಂಥಾ ವ್ಯವಹಾರರಿ?"

ಹಾಗಿದ್ದ ಮೇಲೆ ಯೋಚನೆ ಏಕೆ ಎಂದು ನೀವು ಕೇಳಬಹುದು. ಹೊಲ ಬೇಡುವುದು ಎಡ್.ಡಿ.; ಮೂರು ವರ್ಷಕ್ಕೆ ಮುಗಿಯುತ್ತದೆ. ಪಿಎಚ್.ಡಿ.ಗೆ ಐದು ವರ್ಷ. ಹುಡುಗಿಗೆ ಮೂವತ್ತೊಂದು. ಎಂ.ಎಡ್. ಮುಗಿಸಿ, ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುತ್ತಿರುವವಳು. "ಬೇಗ ಮುಗಿಯೂದು ಮಾಡು" ಎನ್ನುವ ನೆಂಟರಿಗೆ ನಮ್ಮಲ್ಲಿ ಕೊರತೆಯೇ?

ಈ ಎಡ್.ಡಿ. ಕೀಳಾದ ಪದವಿಯೇನಲ್ಲ. 1920ರಲ್ಲಿ ಹಾರ್ವರ್ಡ್ ತನ್ನ ಶಿಕ್ಷಣ ವಿಭಾಗವನ್ನು ತೆರೆದು ಇದನ್ನು ಆರಂಭಿಸಿದ್ದು ಶಿಕ್ಷಣವನ್ನೇ ವೃತ್ತಿ ಮಾಡಿಕೊಂಡವರಿಗಾಗಿ. ಇಂದು ಅದನ್ನು ಹೆಚ್ಚಾಗಿ ಓದುವವರು ಮುಖ್ಯೋಪಾಧ್ಯಾಯರು, ಶಾಲಾ ಆಡಳಿತಗಾರರು. ಕೆಲಸ ಬಿಡದೆ, ವಾರದ ಕೊನೆಗೆ ಓದಿ, ತಮ್ಮ ಶಾಲೆಯ ತೊಡಕನ್ನೇ ಪ್ರಬಂಧ ಮಾಡುತ್ತಾರೆ. ನನ್ನಂಥವಳಿಗೆ ಹೇಳಿ ಮಾಡಿಸಿದ್ದು. ಅದನ್ನು ಪಡೆದು ಪ್ರಾಧ್ಯಾಪಕರಾದವರೂ ಇದ್ದಾರೆ. ಆದರೆ ಸಂಶೋಧನೆ ಮಾಡುತ್ತ ಪಾಠ ಹೇಳುವ ನೌಕರಿಗೆ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನೋಡುವುದು ಪಿಎಚ್.ಡಿ.ಯನ್ನು. ಹಾರ್ವರ್ಡ್ ಕೂಡ 2014ರಲ್ಲಿ ಎಡ್.ಡಿ.ಯ ಜಾಗದಲ್ಲಿ ಪಿಎಚ್.ಡಿ.ಯನ್ನೇ ತಂದಿತು. ನಾಳೆ ಮನಸ್ಸು ಬದಲಾಗಿ ಊರಿಗೆ ಬಂದರೂ, ವಿದೇಶದ ಪದವಿಯ ಮೇಲೆ ಸಹಾಯಕ ಪ್ರಾಧ್ಯಾಪಕರಾಗುವ ದಾರಿಯಲ್ಲಿ ಯು.ಜಿ.ಸಿ.ಯ 2018ರ ನಿಯಮ ಬರೆದದ್ದು ಪಿಎಚ್.ಡಿ. ಎಂದೇ.

"ನೀ ಏನ ಹುಡುಕಬೇಕಂತೀ?" ಎಂದು ಕೇಳಿದೆ. ಕಾಗವಾಡದ ಕಡೆ ಮನೆಯಲ್ಲಿ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಲೆಕ್ಕವನ್ನು ಯಾವ ಭಾಷೆಯಲ್ಲಿ ಮಾಡುತ್ತಾರೆ ಎಂದು ತಿಳಿಯಬೇಕಂತೆ. ಅಂಥ ಮಕ್ಕಳ ಬಗ್ಗೆಯೇ ಕೆಲಸ ಮಾಡುವ ಮಾರ್ಗದರ್ಶಕರು ಇದ್ದದ್ದು ಪಿಎಚ್.ಡಿ.ಯ ಪತ್ರದಲ್ಲಿ. ನನಗಂತೂ ಅಲ್ಲಿಗೆ ಅರ್ಧ ನಿರ್ಧಾರ ಆಯಿತು.

ಉಳಿದ ಅರ್ಧ ರೊಕ್ಕದ್ದು. 1925ರಲ್ಲಿ ನಿಪ್ಪಾಣಿಗೆ ಬಂದು ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಅಂಬೇಡ್ಕರರ ಓದಿನ ಕತೆ ನೆನಪಾಯಿತು. ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ ಅವರು 1917ರಲ್ಲಿ ಲಂಡನ್ನಿನ ಓದನ್ನು ನಡುವೆಯೇ ಬಿಟ್ಟು ಬಂದರು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಸಿ, ಸಾಲವನ್ನೂ ಮಾಡಿ, 1920ರಲ್ಲಿ ತಿರುಗಿ ಹೋದರು. ಲಂಡನ್ನಿನ ಡಿ.ಎಸ್ಸಿ. ಬಂದದ್ದು 1923ರಲ್ಲಿ. ಕೊಲಂಬಿಯದ ಪಿಎಚ್.ಡಿ.ಗೆ ಪ್ರಬಂಧ ಅಚ್ಚಾಗಬೇಕಿತ್ತು. ಅದು ಪುಸ್ತಕವಾಗಿ ಬಂದ ಮೇಲೆ, 1927ರಲ್ಲಿ ಪದವಿ ಸಿಕ್ಕಿತು. ಅಷ್ಟು ದೊಡ್ಡ ವಿದ್ವಾಂಸರ ಓದನ್ನೂ ವೇತನದ ಅವಧಿ ನಿಲ್ಲಿಸಿತಲ್ಲ!

"ರೊಕ್ಕಾ ಎಷ್ಟ ವರ್ಷ ಕೊಡತೀವಿ ಅಂದಾರ?" ಎಂದೆ. ಪತ್ರ ಬಿಚ್ಚಿ ಓದಿದೆವು. ಫೀ ಮಾಫಿ, ತಿಂಗಳ ವೇತನ, ಬದಲಿಗೆ ವಾರಕ್ಕೆ ಇಪ್ಪತ್ತು ತಾಸು ಪಾಠದ ಕೆಲಸ. ಎಲ್ಲ ನಾಲ್ಕು ವರ್ಷಕ್ಕೆ. ಐದನೆಯದರ ಸುದ್ದಿ ಇಲ್ಲ. ಬರೆದು ಕೇಳು ಎಂದೆ. ಎಂಟು ದಿನಕ್ಕೆ ಉತ್ತರ ಬಂತು: ಐದನೆಯ ವರ್ಷವೂ ಕೆಲಸ ಸಿಗಬಹುದು, ಖಾತ್ರಿ ಹೇಳಲಾರೆವು. ಉತ್ತರ ನೇರವಾಗಿತ್ತು, ನನಗೆ ಹಿಡಿಸಿತು.

ಅಪ್ಪ ಬೆರಳು ಮಡಚಿ ಎಣಿಸಿದ. "ಹಂಗಾರ ಹೊಲಾ ಮಾರೂದ ಬ್ಯಾಡ್ರಿ. ಐದನೇ ವರ್ಷದ ಕಬ್ಬಿನ ಬಿಲ್ಲು ಅಕೀಗೆ" ಎಂದ. ಸ್ವಲ್ಪ ತಡೆದು, "ಕಾರ್ಖಾನಿಯವರು ಯಾಳೇಕ್ಕ ಕೊಟ್ಟರ" ಎಂದೂ ಸೇರಿಸಿದ.